ಮೇಲೆ ಬೂದಿ, ಕೆಳಗೆ ಹಾರ್ಡ್‌ಪ್ಯಾನ್: ಸ್ನೋಕ್ವಾಲ್ಮಿ ಕಡೆಯ ಗುಡ್ಡದ ಮಣ್ಣನ್ನು ನೀವೇ ನೋಡಿ ತಿಳಿಯುವುದು ಹೇಗೆ

ಸಿಯಾಟಲ್‌ನಿಂದ ಪೂರ್ವಕ್ಕೆ ಡುವಾಲ್, ಕಾರ್ನೇಶನ್, ಸ್ನೋಕ್ವಾಲ್ಮಿ ಕಡೆ ಗುಡ್ಡದ ಇಳಿಜಾರಿನಲ್ಲಿ ಮನೆ ತಗೊಂಡ ನಮ್ಮವರ ದೂರು ಹೆಚ್ಚುಕಡಿಮೆ ಒಂದೇ. ಜನವರಿಯಲ್ಲಿ ಹಿತ್ತಲು ಪಚಪಚ ಅನ್ನುತ್ತದೆ, ಆಗಸ್ಟ್‌ನಲ್ಲಿ ಅದೇ ಹಿತ್ತಲು ಹಿಟ್ಟಿನ ಹಾಗೆ ಧೂಳೆದ್ದು ಹಾರುತ್ತದೆ. ನಾನೂ ಮೊದಲ ವರ್ಷ ಹೀಗೇ ಗೊಣಗುತ್ತಿದ್ದೆ. ಊರಲ್ಲಿ ಮಾಡುವ ಹಾಗೆ ಆಳದ ಗುಂಡಿ ತೆಗೆದು ಸೇಬಿನ ಗಿಡ ನೆಟ್ಟೆ. ಕೆಳಗಿನ ಗಟ್ಟಿ ಪದರವನ್ನು ಬಾಡಿಗೆ ಯಂತ್ರ ತಂದು ಕೊರೆದೆ, ದೊಡ್ಡ ಸಾಹಸ ಮಾಡಿದೆ ಅಂದುಕೊಂಡೆ. ಮಳೆಗಾಲದಲ್ಲಿ ಆ ಗುಂಡಿ ನೀರಿನ ತೊಟ್ಟಿಯಾಯಿತು, ಬೇರು ಕೊಳೆತು ಏಪ್ರಿಲ್‌ಗೆ ಗಿಡ ಸತ್ತಿತ್ತು. ಆಮೇಲೇ ಮಣ್ಣಿನ ಕಡೆ ಸರಿಯಾಗಿ ನೋಡಿದ್ದು.

ವಿಷಯ ಇಷ್ಟೇ. ನಿಮ್ಮ ಹಿತ್ತಲಲ್ಲಿ ಇರುವುದು ಒಂದು ಮಣ್ಣಲ್ಲ, ಎರಡು. ಇಳಿಜಾರಾದ ಸಿಮೆಂಟ್ ಚಪ್ಪಡಿಯ ಮೇಲೆ ಹತ್ತಿ ಹಾಸಿಗೆ ಹಾಸಿದ ಹಾಗೆ. ಚಪ್ಪಡಿ ಅಂದರೆ ಹಿಮನದಿ ಬಿಟ್ಟುಹೋದ ಟಿಲ್. ಸುಮಾರು 17,000 ವರ್ಷಗಳ ಹಿಂದೆ ಕೆನಡಾ ಕಡೆಯಿಂದ ಇಳಿದುಬಂದ ಹಿಮದ ಹಾಳೆ ಸಿಯಾಟಲ್ ಇರುವ ಜಾಗದಲ್ಲಿ ಸುಮಾರು 3,000 ಅಡಿ ದಪ್ಪ ಇತ್ತು. ಅದರ ಭಾರಕ್ಕೆ ಸಿಕ್ಕಿದ ಜಲ್ಲಿ, ಮರಳು, ಹೂಳು ಎಲ್ಲ ಕಲಸಿ ಕಾಂಕ್ರೀಟ್ ಥರ ಒತ್ತಿಹೋಯಿತು. ಇಲ್ಲಿನ ಜನ ಇದನ್ನು ಹಾರ್ಡ್‌ಪ್ಯಾನ್ ಅಂತಾರೆ. ಹಿಮ ಕರಗಿ ಹೋದ ಮೇಲೆ ಕ್ಯಾಸ್ಕೇಡ್ ಸಾಲಿನ ಜ್ವಾಲಾಮುಖಿಗಳ ಬೂದಿಯೂ ಗಾಳಿ ತಂದ ಧೂಳೂ ಅದರ ಮೇಲೆ ಬಿದ್ದವು. ಅದು ಹಾಸಿಗೆ. 1980ರ ಸೇಂಟ್ ಹೆಲೆನ್ಸ್ ಬೂದಿ ಇದು ಅಂತ ಕೆಲವರು ಹೇಳುತ್ತಾರೆ, ತಪ್ಪು. ಆ ಬೂದಿ ಬಹುಪಾಲು ಪೂರ್ವಕ್ಕೆ, ಯಾಕಿಮಾ, ಸ್ಪೋಕೇನ್ ಕಡೆ ಹೋಯಿತು.

ಈ ಎರಡೂ ಪದರ ಸೇರಿದ ಮಣ್ಣಿಗೆ ಟೋಕಲ್ ಅಂತ ಹೆಸರು, ಸ್ನೋಕ್ವಾಲ್ಮಿ ಹತ್ತಿರದ ಟೋಕಲ್ ಎಂಬ ಜಾಗದ ಮೇಲೆ. ವಾಷಿಂಗ್ಟನ್‌ನ ರಾಜ್ಯ ಮಣ್ಣು ಅಂತ ಆರಿಸಿರುವುದೂ ಇದನ್ನೇ, ಕಾನೂನು ಮಾಡಿ ಘೋಷಿಸಿದ್ದಲ್ಲ ಅಷ್ಟೇ. ರಾಜ್ಯ ಹೂ, ರಾಜ್ಯ ಪಕ್ಷಿ ಇದ್ದ ಹಾಗೆ ರಾಜ್ಯ ಮಣ್ಣು! ನನಗೆ ಇದು ತುಂಬ ಹಿಡಿಸಿತು.

ಮೊದಲು ನಕ್ಷೆ ನೋಡಿ. ಅಮೆರಿಕದ ಕೃಷಿ ಇಲಾಖೆಯ ವೆಬ್ ಸಾಯಿಲ್ ಸರ್ವೇ ಅನ್ನೋ ತಾಣ ಉಚಿತ. ನಿಮ್ಮ ಜಾಗದ ಸುತ್ತ ಗೆರೆ ಎಳೆದರೆ ಮಣ್ಣಿನ ಹೆಸರು ಬರುತ್ತದೆ. ‘ಟೋಕಲ್ ಗ್ರಾವೆಲಿ ಮೀಡಿಯಲ್ ಲೋಮ್, 15ರಿಂದ 30 ಪರ್ಸೆಂಟ್ ಸ್ಲೋಪ್ಸ್’ ಅಂತೇನೋ ಕಾಣಿಸಿದರೆ ಅದರಲ್ಲಿ ‘ಮೀಡಿಯಲ್’ ಅನ್ನುವ ಪದವನ್ನು ಹಿಡಿದುಕೊಳ್ಳಿ. ಅದೇ ಬೂದಿ ಮಣ್ಣಿನ ಸುಳಿವು. ‘ಆಲ್ಡರ್‌ವುಡ್’ ಅಂತ ಬಂದರೆ ಕೆಳಗೆ ಅದೇ ಥರದ ಟಿಲ್ ಇದೆ, ಆದರೆ ಬೂದಿ ಹಾಸಿಗೆ ಇಲ್ಲ. ಬೆಲ್‌ವ್ಯೂ, ರೆಡ್ಮಂಡ್ ಕಡೆ ಇದು ಜಾಸ್ತಿ. ನಕ್ಷೆಯನ್ನು ಪೂರ್ತಿ ನಂಬಬೇಡಿ, ಅದು ದೊಡ್ಡ ಪ್ರದೇಶಕ್ಕೆ ಮಾಡಿದ್ದು, ನಿಮ್ಮ ಕಾಲು ಎಕರೆಯ ಒಳಗಿನ ಏರಿಳಿತ ಅದಕ್ಕೆ ಗೊತ್ತಿರಲ್ಲ.

ಹಾಗಾಗಿ ಗುಂಡಿ ತೋಡಲೇಬೇಕು. ತೋಡುವ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಉಚಿತವಾಗಿ ಗುರುತು ಹಾಕಿಕೊಡುತ್ತಾರೆ, ಎರಡು ಕೆಲಸದ ದಿನ ಮುಂಚೆ ಹೇಳಬೇಕು. ಮನೆಯ ಪಕ್ಕದಲ್ಲಿ ತೋಡಬೇಡಿ. ಕಟ್ಟುವಾಗ ಮೇಲ್ಮಣ್ಣು ಕೆರೆದು, ಎಲ್ಲಿಂದಲೋ ತಂದ ಮಣ್ಣು ತುಂಬಿ, ಮೇಲೆ ಹುಲ್ಲು ಹಾಸಿರುತ್ತಾರೆ. ಅಲ್ಲಿ ಏನೂ ಗೊತ್ತಾಗಲ್ಲ. ಹಿಂದಿನ ಮರಗಳ ಅಂಚಿಗೆ ಹೋಗಿ. ಒಂದು ಸಲಿಕೆ, ಒಂದು ಹಾರೆ ಸಾಕು. ಒಂದು ಮೀಟರ್ ಆಳದವರೆಗೆ ಹೋಗುವ ಅಂದಾಜಿರಲಿ.

ಮೇಲೆ ಡಗ್ಲಸ್ ಫರ್ ಎಲೆಗಳ ಕೊಳೆತ ಹೊದಿಕೆ ಸಿಗುತ್ತದೆ. ಅದರ ಕೆಳಗೆ ಕಂದು ಬಣ್ಣದ, ಹಗುರಾದ, ಸಲಿಕೆಗೆ ಸುಲಭವಾಗಿ ಬರುವ ಮಣ್ಣು. ಬೂದಿ ಅಂದ ಕೂಡಲೇ ಬಿಳಿ ಪದರ ಹುಡುಕಬೇಡಿ. ಸಾವಿರಾರು ವರ್ಷ ಮಳೆ, ಬೇರು, ಬುಡಮೇಲಾಗಿ ಬಿದ್ದ ಮರಗಳು ಎಲ್ಲ ಸೇರಿ ಅದನ್ನು ಕಲಸಿಬಿಟ್ಟಿವೆ, ಕಬ್ಬಿಣ ತುಕ್ಕಾಗಿ ಬಣ್ಣ ಕೊಟ್ಟಿದೆ. ಕೆಳಗೆ ಹೋದಂತೆ ಜಲ್ಲಿ ಜಾಸ್ತಿಯಾಗುತ್ತದೆ, ಬಣ್ಣ ತೆಳುವಾಗುತ್ತದೆ. ಆಮೇಲೆ 50ರಿಂದ 100 ಸೆಂಟಿಮೀಟರ್ ನಡುವೆ ಎಲ್ಲೋ ಒಂದು ಕಡೆ ಹಾರೆ ಟಣ್ ಅನ್ನುತ್ತದೆ. ಬೂದುಬಣ್ಣದ, ಬೇರು ಒಳಗೆ ಹೋಗದೆ ಮೇಲೇ ಚಾಪೆಯ ಹಾಗೆ ಅಡ್ಡ ಹರಡಿಕೊಂಡ ಆ ಪದರವೇ ಟಿಲ್. ಅದರ ಸ್ವಲ್ಪ ಮೇಲೆ ಮಣ್ಣಿನಲ್ಲಿ ಕಿತ್ತಳೆ ಮತ್ತು ಬೂದು ಮಚ್ಚೆಗಳು ಇವೆಯಾ ನೋಡಿ. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೂ ಮಚ್ಚೆ ಸುಳ್ಳು ಹೇಳಲ್ಲ, ವರ್ಷದಲ್ಲಿ ಕೆಲವು ತಿಂಗಳು ಅಲ್ಲಿವರೆಗೆ ನೀರು ನಿಂತಿರುತ್ತದೆ ಅಂತ ಅರ್ಥ. ಎಷ್ಟು ಆಳದಲ್ಲಿ ಮಚ್ಚೆ ಶುರು ಅಂತ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕೈ ಪರೀಕ್ಷೆ. ಕಂದು ಮಣ್ಣನ್ನು ಒಂದು ಹಿಡಿ ಒದ್ದೆ ಮಾಡಿ ಬೆರಳ ನಡುವೆ ಉಜ್ಜಿ. ಜೇಡಿಮಣ್ಣಿನ ಹಾಗೆ ಅಂಟಲ್ಲ, ಒತ್ತಿದರೆ ಇದ್ದಕ್ಕಿದ್ದಂತೆ ಸ್ವಲ್ಪ ಜಾರಿ ನೀರು ಬಿಟ್ಟ ಹಾಗೆ ಆಗುತ್ತದೆ. ಬಿಜಾಪುರದ ಎರೆಮಣ್ಣು ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎರೆಮಣ್ಣೂ ಜ್ವಾಲಾಮುಖಿಯದ್ದೇ ಕೂಸು, ಆದರೆ ಹರಿದು ಗಟ್ಟಿಯಾದ ಲಾವಾದಿಂದ ಬಂದದ್ದು, ಒಣಗಿದರೆ ಬಾಯಿಬಿಡುತ್ತದೆ, ನೆನೆದರೆ ಉಬ್ಬುತ್ತದೆ. ಬೂದಿ ಮಣ್ಣು ಎರಡನ್ನೂ ಅಷ್ಟಾಗಿ ಮಾಡಲ್ಲ. ಬೂದಿ ಅಂದರೆ ನಿಜವಾಗಿ ಸಣ್ಣ ಗಾಜಿನ ಚೂರುಗಳು. ಅವು ಮಳೆಗೆ ಸವೆದು ಅಲೋಫೇನ್ ಅನ್ನುವ, ಸರಿಯಾದ ಹರಳಿನ ರೂಪವೇ ಇಲ್ಲದ, ತೂತು ತೂತಾದ ವಸ್ತು ಆಗುತ್ತದೆ. ನೀರು ಹಿಡಿದಿಡುವುದು ಅದೇ.

ತೂಕ ನೋಡಿದರೆ ಅನುಮಾನವೇ ಉಳಿಯಲ್ಲ. ಖಾಲಿಯಾದ ತೆಂಗಿನಹಾಲಿನ 400 ಮಿಲಿ ಡಬ್ಬ ತಗೊಳ್ಳಿ. ಮುಚ್ಚಳ ತೆಗೆದು, ತಳಕ್ಕೆ ಎರಡು ತೂತು ಮಾಡಿ, ಗುಂಡಿಯ ಗೋಡೆಗೆ ಅಡ್ಡಲಾಗಿ ಒತ್ತಿ ತುಂಬಿಸಿ. ಮಣ್ಣನ್ನು ಕೈಯಲ್ಲಿ ಅದುಮಿ ತುಂಬಿದರೆ ಲೆಕ್ಕ ಕೆಡುತ್ತದೆ. ಆ ಮಣ್ಣನ್ನು ಅವನ್‌ನಲ್ಲಿ 225 ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದಿಡೀ ದಿನ ಒಣಗಿಸಿ (ಮನೆಯವರ ಅನುಮತಿ ಪಡೆದೇ ಮಾಡಿ, ವಾಸನೆ ಬರುತ್ತದೆ) ತೂಗಿ. ಕಲ್ಲಿದ್ದರೆ ಜರಡಿ ಹಿಡಿದು, ಅದರ ತೂಕವನ್ನು ಮಣ್ಣಿನ ತೂಕದಿಂದ, ನೀರಲ್ಲಿ ಮುಳುಗಿಸಿ ಅಳೆದ ಅದರ ಗಾತ್ರವನ್ನು ಡಬ್ಬದ ಗಾತ್ರದಿಂದ ಕಳೆಯಿರಿ. ಗ್ರಾಮ್ ಅನ್ನು ಮಿಲಿಲೀಟರ್‌ನಿಂದ ಭಾಗಿಸಿ. 400 ಮಿಲಿ ಮಣ್ಣು 300 ಗ್ರಾಮ್ ತೂಗಿದರೆ 0.75. ಮಣ್ಣಿನ ವಿಜ್ಞಾನಿಗಳು ಬೂದಿ ಮಣ್ಣಿಗೆ ಇಟ್ಟಿರುವ ಗೆರೆ 0.90, ಅದಕ್ಕಿಂತ ಕಡಿಮೆ ಇರಬೇಕು. ಮಾಮೂಲಿ ತೋಟದ ಮಣ್ಣು 1.2, 1.3 ಆಸುಪಾಸು ಬರುತ್ತದೆ. ಟಿಲ್‌ಗೆ ಈ ಪರೀಕ್ಷೆ ಬೇಡ. ಡಬ್ಬ ಒಳಗೇ ಹೋಗಲ್ಲ, ಅದೇ ಉತ್ತರ.

ಇನ್ನೊಂದು ಕೆಲಸ, ಗುಂಡಿಗೆ ನೀರು ಸುರಿದು ನೋಡುವುದು. ಕಂದು ಪದರದಲ್ಲಿ ನೀರು ಬೇಗ ಇಳಿಯುತ್ತದೆ, ಟಿಲ್ ಮುಟ್ಟಿದ ಮೇಲೆ ಕೂತುಬಿಡುತ್ತದೆ. ಆಮೇಲೆ ಅದು ಹೋಗುವುದು ಕೆಳಗಲ್ಲ, ಅಡ್ಡಕ್ಕೆ, ಇಳಿಜಾರಿನ ಕಡೆಗೆ. ಮೇಲಿನ ಮನೆಯವರ ಮಳೆನೀರು ನಿಮ್ಮ ತಡೆಗೋಡೆಯ ಬುಡದಲ್ಲಿ ಒಸರುವುದು ಹೀಗೆ. ನೀರು ತಿರುಗಿಸುವ ಕಾಲುವೆ ತೋಡಿಸುವುದಾದರೆ ಅದು ಟಿಲ್ ಮುಟ್ಟುವಷ್ಟು ಆಳ ಇರಬೇಕು, ಇಲ್ಲದಿದ್ದರೆ ನೀರು ಅದರ ಕೆಳಗಿಂದಲೇ ದಾಟಿ ಬರುತ್ತದೆ, ದುಡ್ಡು ದಂಡ.

ಇಳಿಜಾರಿನ ವಿಷಯದಲ್ಲಿ ಸ್ವಲ್ಪ ಭಯ ಇರಲಿ. ವಾರಗಟ್ಟಲೆ ಮಳೆ ಹೊಡೆದಾಗ ಹಾಸಿಗೆ ಪೂರ್ತಿ ನೆಂದು ಭಾರವಾಗುತ್ತದೆ, ಚಪ್ಪಡಿಯ ಮೇಲೆ ನೀರು ಒತ್ತುತ್ತದೆ, ಕಡಿದಾದ ಕಡೆ ಹಾಸಿಗೆಯೇ ಜಾರಬಹುದು. ಅದನ್ನು ಹಿಡಿದಿರುವುದು ಬೇರು. ನೋಟ ಚೆನ್ನಾಗಿರಲಿ ಅಂತ ಮರ ಕಡಿಸಬೇಡಿ, ಅದಕ್ಕೆ ಕೌಂಟಿಯ ಅನುಮತಿಯೂ ಬೇಕಾಗಬಹುದು. ಚಾವಣಿಯ ನೀರಿನ ಪೈಪನ್ನು ಇಳಿಜಾರಿಗೆ ಬಿಡಬೇಡಿ. ಕತ್ತರಿಸಿದ ಹುಲ್ಲನ್ನು ಅಂಚಿನಲ್ಲಿ ಗುಡ್ಡೆ ಹಾಕಬೇಡಿ. ಮರಗಳ ಬುಡ ಕುಡುಗೋಲಿನ ಹಾಗೆ ಬಾಗಿದ್ದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಇಷ್ಟು ದಿನ ಇಲ್ಲದ ಕಡೆ ನೀರು ಒಸರಿದರೆ, ಇಂಥ ಬರಹ ಓದುತ್ತಾ ಕೂರಬೇಡಿ, ಜಿಯೋಟೆಕ್ನಿಕಲ್ ಎಂಜಿನಿಯರನ್ನು (ಮಣ್ಣು, ಇಳಿಜಾರು ಎಷ್ಟು ಗಟ್ಟಿ ಅಂತ ನೋಡುವ ತಜ್ಞ) ಕರೆಸಿ.

ಯಂತ್ರದ ಕೆಲಸ ಏನಿದ್ದರೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಗಿಸಿ. ನೆಂದ ಬೂದಿ ಮಣ್ಣಿನ ಮೇಲೆ ಬಾಬ್‌ಕ್ಯಾಟ್ (ಮಣ್ಣೆತ್ತುವ ಸಣ್ಣ ಯಂತ್ರ) ಓಡಿಸಿದರೆ ಅದರ ತೂತುಗಳೆಲ್ಲ ಅದುಮಿಹೋಗುತ್ತವೆ, ಮತ್ತೆ ಸರಿಯಾಗಲು ದಶಕಗಳೇ ಬೇಕು. ಇದೇ ಥರದ ಮಣ್ಣಿರುವ ಇಡಾಹೋ ಕಾಡುಗಳಲ್ಲಿ ಮರ ಸಾಗಿಸಿದ ದಾರಿಗಳಲ್ಲೂ ಇದೇ ತೊಂದರೆ.

ಗೊಬ್ಬರದಲ್ಲಿ ಒಂದೇ ಮೋಸ, ರಂಜಕ. ಈ ಮಣ್ಣಿನ ಅಲ್ಯೂಮಿನಿಯಂ, ಕಬ್ಬಿಣ ಅದನ್ನು ಹಿಡಿದುಕೊಂಡು ಗಿಡಕ್ಕೆ ಬಿಡಲ್ಲ. ಮೇಲೆ ಎರಚಿದರೆ ಬಹುಪಾಲು ವ್ಯರ್ಥ. ಬೀಜದ ಸಾಲಿನ ಪಕ್ಕದಲ್ಲೇ ಕೊಡಿ, ಕಾಂಪೋಸ್ಟ್ ಧಾರಾಳವಾಗಿ ಹಾಕಿ. ಮಣ್ಣು ಹುಳಿ, ಬ್ಲೂಬೆರಿಗೆ ಹೇಳಿ ಮಾಡಿಸಿದ್ದು. ಮೆಂತ್ಯ, ದಂಟು ಬೇಕು ಅಂದರೆ ಮೊದಲು ಲ್ಯಾಬ್ ಪರೀಕ್ಷೆ, ಆಮೇಲೆ ಸುಣ್ಣ. ಹಣ್ಣಿನ ಗಿಡಕ್ಕೆ ಗುಂಡಿ ಬೇಡ, ದಿಬ್ಬ ಮಾಡಿ ನೆಡಿ. ನನ್ನ ಎರಡನೇ ಸೇಬಿನ ಗಿಡ ಒಂದೂವರೆ ಅಡಿ ದಿಬ್ಬದ ಮೇಲಿದೆ, ಬದುಕಿದೆ.

ಎಲ್ಲ ನೋಡಿಯಾದ ಮೇಲೆ ಗುಂಡಿ ಮುಚ್ಚುವಾಗ ಮಣ್ಣನ್ನು ಬಂದ ಕ್ರಮದಲ್ಲೇ ಹಾಕಿ, ಬೂದುಬಣ್ಣದ್ದು ತಳಕ್ಕೆ, ಕಂದು ಮೇಲೆ. ತೋಡುವಾಗಲೇ ಎರಡು ಟಾರ್ಪಾಲು ಹಾಸಿಕೊಂಡು ಬೇರೆ ಬೇರೆ ಗುಡ್ಡೆ ಮಾಡಿಟ್ಟಿದ್ದರೆ ಹತ್ತು ನಿಮಿಷದ ಕೆಲಸ.