ನಾರ್ವೆಯ ಮೀನು ಕೋಟಾ: ಬೆಳಗಾವಿ ಕಡೆಯಿಂದ ಬಂದವರು ತಿಳಿದಿರಬೇಕಾದದ್ದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ನಾರ್ವೆಗೆ ಬಂದವರಲ್ಲಿ ಕೆಲವರಾದರೂ ಮೀನಿನ ವ್ಯವಹಾರದ ಆಸುಪಾಸಿಗೆ ಬಂದೇ ಬರುತ್ತಾರೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಹೈಡ್ರಾಲಿಕ್ಸ್ ಕೆಲಸ ಕಲಿತವರು ಹಡಗಿನ ವಿಂಚ್, ಅಂದರೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ, ತಯಾರಿಸುವ ಕಂಪನಿಗೆ ಸೇರುತ್ತಾರೆ, ವಿದ್ಯಾರ್ಥಿಗಳು ರಜೆಯಲ್ಲಿ ಮೀನು ಸಂಸ್ಕರಣಾ ಘಟಕದಲ್ಲಿ ದುಡಿಯುತ್ತಾರೆ, ಉಳಿದವರು ಭಾನುವಾರ ಗಾಳ ಹಿಡಿದು ಫ್ಯೋರ್ಡ್ ಎಂಬ ಕಡಲ ಕಿರುಚಾಚಿನ ದಂಡೆಗೆ ಹೋಗುತ್ತಾರೆ. ನಮಗೆ ಗೊತ್ತಿರುವುದು ಆಲಮಟ್ಟಿ, ಹಿಡಕಲ್ ಜಲಾಶಯಗಳ ರೋಹು, ಕಾಟ್ಲಾ. ಇಲ್ಲವೇ ಗೋವಾ, ಕಾರವಾರದಿಂದ ಘಟ್ಟ ಹತ್ತಿ ಬೆಳಗಾವಿ ಮಾರುಕಟ್ಟೆಗೆ ಬರುವ ಬಂಗಡೆ, ಸುರಮೈ. ಹಾಗಾಗಿ ಇಲ್ಲಿನ ನಿಯಮಗಳು ಮೊದಮೊದಲು ವಿಚಿತ್ರವೆನಿಸುತ್ತವೆ. ಅವುಗಳ ಹಿಂದಿನ ತರ್ಕ ಹಿಡಿದುಕೊಂಡರೆ ಕೆಲಸದಲ್ಲೂ ಹವ್ಯಾಸದಲ್ಲೂ ತೊಂದರೆಗೆ ಸಿಲುಕುವುದಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ಮುಖ್ಯ ನಿರ್ಬಂಧ ದಿನಗಳ ಮೇಲಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಮೇಲೆ ಒಂದು ದೋಣಿ ಇಷ್ಟೇ ಟನ್ ಹಿಡಿಯಬೇಕೆಂಬ ಕಟ್ಟಳೆ ಇಲ್ಲ. ನಾರ್ವೆಯಲ್ಲಿ ಮುಖ್ಯ ನಿರ್ಬಂಧ ತೂಕದ ಮೇಲೆ. ಕೋಪನ್‌ಹೇಗನ್‌ನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯೂ ನಾರ್ವೆಯ ವಿಜ್ಞಾನಿಗಳೂ ಪ್ರತಿ ಜಾತಿಯ ಮೀನು ಎಷ್ಟು ಉಳಿದಿದೆಯೆಂದು ಅಂದಾಜು ಮಾಡಿ, ಮುಂದಿನ ವರ್ಷ ಎಷ್ಟು ಹಿಡಿಯಬಹುದೆಂದು ಸಲಹೆ ಕೊಡುತ್ತಾರೆ. ಎರಡೂ ದೇಶಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನನ್ನು ನಾರ್ವೆ ಮತ್ತು ರಷ್ಯಾ ಜಂಟಿ ಆಯೋಗದಲ್ಲಿ ಕುಳಿತು ಹಂಚಿಕೊಳ್ಳುತ್ತವೆ. ಇತರ ದೇಶಗಳ ಪಾಲು ತೆಗೆದಿಟ್ಟ ಮೇಲೆ ಉಳಿದದ್ದು ಸರಿಸಮ ಪಾಲು. ಎರಡು ದೇಶಗಳ ಸಂಬಂಧ ಎಷ್ಟೇ ಹದಗೆಟ್ಟರೂ ಈ ಮಾತುಕತೆ ಇದುವರೆಗೆ ಮುರಿದುಬಿದ್ದಿಲ್ಲ. ಈ ಕಾಡ್‌ನ ಒಟ್ಟು ಕೋಟಾ, ಅಂದರೆ ವರ್ಷಕ್ಕೆ ಹಿಡಿಯಬಹುದಾದ ತೂಕದ ಮಿತಿ, 2013ರಲ್ಲಿ 10 ಲಕ್ಷ ಟನ್ ಇತ್ತು. 2025ಕ್ಕೆ 3,40,000 ಟನ್‌ಗೆ ಇಳಿಯಿತು. ನಿಮ್ಮ ಘಟಕದಲ್ಲಿ ಪಾಳಿ ಕಡಿಮೆಯಾದರೆ, ಹಡಗು ಕಂಪನಿಗೆ ಆರ್ಡರ್ ಬಾರದಿದ್ದರೆ, ಕಾರಣ ಬಹುಮಟ್ಟಿಗೆ ಈ ಅಂಕಿಯಲ್ಲೇ ಇರುತ್ತದೆ.

ದೇಶದ ಪಾಲನ್ನು ಸರಕಾರ ಹಡಗುಗಳ ಗುಂಪುಗಳಿಗೆ, ಅಲ್ಲಿಂದ ಒಂದೊಂದು ಹಡಗಿಗೆ ಹಂಚುತ್ತದೆ. ಬರ್ಗನ್‌ನಲ್ಲಿರುವ ಮೀನುಗಾರಿಕೆ ನಿರ್ದೇಶನಾಲಯ ಲೆಕ್ಕ ಇಡುತ್ತದೆ.

ತೊಡಕು ಇರುವುದು ಇಲ್ಲಿಯೇ. ಕೋಟಾದಲ್ಲಿ ಹತ್ತು ಟನ್ ಮಾತ್ರ ಉಳಿದಿರುವ ಒಬ್ಬ ಮೀನುಗಾರನ ಬಲೆಯಲ್ಲಿ ಸಣ್ಣ ಕಾಡ್ ತುಂಬಿ ಬಂತೆನ್ನಿ. ದೊಡ್ಡ ಕಾಡ್‌ಗೆ ಕಿಲೋ ಲೆಕ್ಕದಲ್ಲೇ ಬೆಲೆ ಹೆಚ್ಚು. ಸಣ್ಣದನ್ನು ದಡಕ್ಕೆ ತಂದರೆ ಕೋಟಾ ಕರಗುತ್ತದೆ, ಹಣ ಬರುವುದಿಲ್ಲ. ಕಡಲಿಗೇ ಸುರಿದು ಮತ್ತೆ ಬಲೆ ಬೀಸಿದರೆ ಕೋಟಾ ಹಾಗೇ ಇರುತ್ತದೆ. ಆದರೆ ಆಳದಿಂದ ಎಳೆದ ಕಾಡ್‌ನ ಗಾಳಿಚೀಲ ಒತ್ತಡ ಇಳಿದಾಗ ಹಿಗ್ಗಿ ಒಡೆಯುತ್ತದೆ. ಬಲೆಯೊಳಗೆ ಜಜ್ಜಿಹೋಗಿಯೂ ಇರುತ್ತದೆ. ಸುರಿದ ಮೀನಿನಲ್ಲಿ ಬಹುಪಾಲು ಹೆಣವೇ. ಕಾಗದದ ಮೇಲೆ ಅದು ಯಾರೂ ಹಿಡಿಯದ ಮೀನು. ಮುಂದಿನ ವರ್ಷ ವಿಜ್ಞಾನಿ ಲೆಕ್ಕ ಹಾಕಲು ಕುಳಿತಾಗ ಸಮುದ್ರದಲ್ಲಿ ಇಲ್ಲದ ಮೀನು ಅವರ ಅಂದಾಜಿನಲ್ಲಿ ಇರುತ್ತದೆ. ಹಸಿದವರಿಗೂ ಸಿಗದೆ, ಮರಿಯನ್ನೂ ಹಾಕದೆ, ಲೆಕ್ಕವನ್ನೂ ಕೆಡಿಸಿ ಸಾಯುವ ಈ ಮೀನಿನ ವಿಷಯ ನೆನೆದರೆ ನನಗೆ ಸಂಕಟವಾಗುತ್ತದೆ.

ನಾರ್ವೆ 1987ರಲ್ಲಿ ಕಾಡ್ ಮತ್ತು ಹ್ಯಾಡಕ್ ಮೀನುಗಳನ್ನು ಹೀಗೆ ಎಸೆಯುವುದನ್ನು ನಿಷೇಧಿಸಿತು. ಆಮೇಲೆ ಒಂದೊಂದೇ ಜಾತಿ ಸೇರುತ್ತಾ ಬಂದು, 2009ರಲ್ಲಿ ಜಾರಿಗೆ ಬಂದ ಸಾಗರ ಸಂಪನ್ಮೂಲ ಕಾಯ್ದೆಯಲ್ಲಿ ಹಿಡಿದದ್ದನ್ನು ದಡಕ್ಕೆ ತರುವುದೇ ಸಾಮಾನ್ಯ ನಿಯಮವಾಯಿತು. ಬದುಕುಳಿಯಬಲ್ಲ ಮೀನನ್ನು ಬಿಡಲು ಕೆಲವು ವಿನಾಯಿತಿಗಳಿವೆ.

ನಿಷೇಧವೊಂದನ್ನೇ ಹೇರಿದ್ದರೆ ಕತ್ತಲಲ್ಲಿ ಎಸೆತ ಮುಂದುವರಿಯುತ್ತಿತ್ತು. ನಾರ್ವೆಯವರು ಅದಕ್ಕೊಂದು ಜಾಣ ಏರ್ಪಾಡು ಮಾಡಿದ್ದಾರೆ. ಕೋಟಾ ಮೀರಿದ ಮೀನನ್ನು ದಡಕ್ಕೆ ತಂದವನಿಗೆ ಅದರ ಬೆಲೆಯ ಶೇ. 20ರಷ್ಟನ್ನು ತಂದ ಶ್ರಮಕ್ಕೆಂದು ಕೊಡುತ್ತಾರೆ. ಉಳಿದದ್ದು ಮೀನುಗಾರರ ಮಾರಾಟ ಸಂಘಕ್ಕೆ. ಪೂರ್ತಿ ಬೆಲೆ ಕೊಟ್ಟರೆ ಬೇಕೆಂದೇ ಹಿಡಿದು ತರುತ್ತಾರೆ, ಏನೂ ಕೊಡದಿದ್ದರೆ ಎಸೆಯುತ್ತಾರೆ. ಶೇ. 20 ಅಂದರೆ ತಂದದ್ದಕ್ಕೆ ನಷ್ಟವಿಲ್ಲ, ಹಿಡಿಯುವುದಕ್ಕೆ ಆಸೆಯೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು.

ಇನ್ನೊಂದು ಭಾಗ ಕಬ್ಬಿಣದ್ದು. ಉದ್ಯಮಬಾಗದವರಿಗೆ ನೋಡಿದೊಡನೆ ಅರ್ಥವಾಗುತ್ತದೆ. ಬ್ಯಾರೆಂಟ್ಸ್ ಸಮುದ್ರದಲ್ಲಿ ಕಾಡ್ ಹಿಡಿಯುವ, ಹಡಗು ಎಳೆದೊಯ್ಯುವ ಟ್ರಾಲ್ ಬಲೆಯ ಕುತ್ತಿಗೆಯಲ್ಲಿ ಸರಳುಗಳ ಒಂದು ಚೌಕಟ್ಟು ಓರೆಯಾಗಿ ಕೂತಿರುತ್ತದೆ. ಸರಳಿನಿಂದ ಸರಳಿಗೆ ಕನಿಷ್ಠ 55 ಮಿಲಿಮೀಟರ್ ಅಂತರ. ಮರಿ ಮೀನು ಅದರ ಸಂದಿಯಲ್ಲಿ ನುಸುಳಿ ಸಮುದ್ರಕ್ಕೇ ಹೋಗುತ್ತದೆ, ದೊಡ್ಡದು ಜಾರಿ ಹಿಂದಿನ ಚೀಲಕ್ಕೆ ಬೀಳುತ್ತದೆ. ಸಿಗಡಿ ಬಲೆಯಲ್ಲಿ ಲೆಕ್ಕ ತಿರುಗುಮುರುಗು: ಅಂತರ ಹೆಚ್ಚೆಂದರೆ 19 ಮಿಲಿಮೀಟರ್, ಸಿಗಡಿ ಒಳಹೋಗುತ್ತದೆ, ಮೀನು ಹೊರಬೀಳುತ್ತದೆ. ಈ ಸಿಗಡಿ ಜಾಲರಿ ಮೊದಲು ಹುಟ್ಟಿದ್ದು ಸರಕಾರಿ ಪ್ರಯೋಗಾಲಯದಲ್ಲಲ್ಲ, ಬಲೆಗೆ ತುಂಬಿಕೊಳ್ಳುತ್ತಿದ್ದ ಲೋಳೆಮೀನುಗಳ ಕಾಟ ತಾಳದೆ ನೂರ್‌ಮೊರೆ ಪ್ರದೇಶದ ಮೀನುಗಾರರು ಮಾಡಿಕೊಂಡದ್ದು. ಇದರ ಜೊತೆಗೆ, ಒಂದು ಜಾಗದಲ್ಲಿ ಬಲೆಗೆ ಬೀಳುವ ಕಾಡ್, ಹ್ಯಾಡಕ್‌ಗಳ ಎಣಿಕೆಯಲ್ಲಿ ಶೇ. 15ಕ್ಕಿಂತ ಹೆಚ್ಚು ಅಳತೆಗಿಂತ ಚಿಕ್ಕವಿದ್ದರೆ ಆ ಜಾಗವನ್ನೇ ಮುಚ್ಚಿಬಿಡುತ್ತಾರೆ. ಹಡಗುಗಳು ಬೇರೆಡೆಗೆ ಹೋಗಬೇಕು.

ಹಿಡಿದದ್ದನ್ನು ಎಸೆಯಬಾರದೆಂಬ ಇದೇ ದಾರಿಗೆ ಯುರೋಪಿಯನ್ ಒಕ್ಕೂಟ ಬಂದದ್ದು ತಡವಾಗಿ. 2015ರಿಂದ 2019ರವರೆಗೆ ಹಂತಹಂತವಾಗಿ ಜಾರಿ ಮಾಡಿ, ವಿನಾಯಿತಿಗಳ ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡಿದೆ. ಅಲ್ಲಿರುವ ನಮ್ಮವರು ಈ ಬರಹವನ್ನು ಹಾಗೇ ಅನ್ವಯಿಸಿಕೊಳ್ಳಬಾರದು.

ಈಗ ಘಟಕದಲ್ಲಿ ಕೆಲಸ ಮಾಡುವವರಿಗೆ ಬಹಳ ಮುಖ್ಯವಾದ ಮಾತು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ನಿಲ್ಲಿಸಿ, ತೂಕ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಎದೆ ಹಿಡಿದು ನಿಂತ ಮನೆತನದವರು ನಾವು. ಇಲ್ಲಿ ದಡದ ತೂಕಕ್ಕೆ ಅಷ್ಟೇ ಬೆಲೆ. ಮೀನು ಇಳಿದೊಡನೆ ತೂಗಿ, ಜಾತಿ, ತೂಕ, ದರ ಬರೆದ ಚೀಟಿಗೆ ಮೀನುಗಾರನೂ ಕೊಳ್ಳುವವನೂ ಇಬ್ಬರೂ ಸಹಿ ಹಾಕಬೇಕು. ಅದರ ಹೆಸರು ಸ್ಲುತ್‌ಸೆದ್ದೆಲ್. ಕೋಟಾ ಕಡಿತವಾಗುವುದು ಆ ಚೀಟಿಯ ಮೇಲೆ. ಮೊದಲ ಮಾರಾಟ ಮೀನುಗಾರರೇ ಒಡೆಯರಾಗಿರುವ ಮಾರಾಟ ಸಂಘದ ಮೂಲಕವೇ ಆಗಬೇಕೆಂಬ ಕಾನೂನು 1938ರಿಂದ ಇದೆ. ಕನಿಷ್ಠ ದರ ನಿಗದಿ ಮಾಡುವ ಅಧಿಕಾರವೂ ಸಂಘದ್ದೇ. ಕಬ್ಬಿನ ದರಕ್ಕಾಗಿ ಪ್ರತಿ ವರ್ಷ ರಸ್ತೆಗಿಳಿಯುವ ನಮ್ಮ ರೈತರಿಗೆ ಇಂಥದ್ದೊಂದು ಸಂಘ ಇದ್ದಿದ್ದರೆ ಎಂದು ನನಗೆ ಎಷ್ಟೋ ಬಾರಿ ಅನಿಸಿದೆ.

ತೂಕದ ಯಂತ್ರದ ಬಳಿ ನಿಮ್ಮನ್ನು ನಿಲ್ಲಿಸಿ ಯಾರಾದರೂ ಕಡಿಮೆ ಬರೆ ಎಂದರೆ, ಮಂಜುಗಡ್ಡೆಯ ಹೆಸರಿನಲ್ಲಿ ಹೆಚ್ಚು ಕಳೆ ಎಂದರೆ, ಕಾಡ್ ಅನ್ನು ಬೇರೆ ಜಾತಿಯೆಂದು ನಮೂದಿಸು ಎಂದರೆ ಒಪ್ಪಬೇಡಿ. ವೀಸಾ ಮಾಲೀಕನ ಕೈಯಲ್ಲಿದೆ ಎಂಬ ಭಯ ಸಹಜ. ಆದರೆ ತಪ್ಪನ್ನು ವರದಿ ಮಾಡಿದ ನೌಕರನ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಇಲ್ಲಿನ ಕಾರ್ಮಿಕ ಕಾಯ್ದೆ ನಿಷೇಧಿಸುತ್ತದೆ. ಹೇಳಿದ್ದನ್ನು ದಿನಾಂಕ ಸಮೇತ ಬರೆದಿಡಿ, ಕಾರ್ಮಿಕ ಸಂಘದ ಸದಸ್ಯರಾಗಿ.

ವ್ಯವಸ್ಥೆಯಲ್ಲಿ ಹುಳುಕಿಲ್ಲವೆಂದಲ್ಲ. ಸರಕಾರವೇ ನೇಮಿಸಿದ ಸಮಿತಿ 2019ರಲ್ಲಿ ನಿಯಂತ್ರಣ ಸಾಲದೆಂದು ಹೇಳಿತು. ನಡುಗಡಲಿನಲ್ಲಿ ಏನಾಗುತ್ತದೆಂದು ನೋಡುವ ಕಣ್ಣುಗಳು ಕಡಿಮೆ. ಕೋಟಾ ಇರುವ ದೋಣಿಗಳ ಬೆಲೆ ಏರಿ ಹೊಸ ಹುಡುಗರು ಮೀನುಗಾರಿಕೆಗೆ ಇಳಿಯುವುದು ಕಷ್ಟವಾಗಿದೆ. ಇನ್ನು, ನಮ್ಮ ಕರಾವಳಿಯಲ್ಲಿ ಏನನ್ನೂ ಎಸೆಯುವುದಿಲ್ಲ, ನಾವೇ ಮೇಲು ಎನ್ನುವವರಿಗೆ ಒಂದು ಮಾತು: ಅಲ್ಲಿ ಮರಿ ಮೀನು ರಾಶಿ ರಾಶಿಯಾಗಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಮರಿ ಬಲೆಗೇ ಬೀಳದಂತೆ ನೋಡಿಕೊಳ್ಳುವುದು ಎಸೆಯದಿರುವುದಕ್ಕಿಂತ ದೊಡ್ಡ ಕೆಲಸ.

ಕೊನೆಗೆ ಹವ್ಯಾಸದ ಗಾಳ. ಸಮುದ್ರದಲ್ಲಿ ಕೈಗಾಳಕ್ಕೆ ಪರವಾನಗಿ ಬೇಡ, ಶುಲ್ಕವಿಲ್ಲ. ನದಿಯ ಸಾಲ್ಮನ್‌ಗೆ ಬೇಕು. ಭಾರತದಿಂದ ನೋಡಲು ಬಂದ ಅಪ್ಪ ಅಮ್ಮ ಕೈಗಾಳ ಮಾತ್ರ ಬಳಸಬಹುದು, ಹಿಡಿದದ್ದನ್ನು ಮಾರುವಂತಿಲ್ಲ. ಕಾಡ್‌ನ ಕನಿಷ್ಠ ಉದ್ದ 62 ಡಿಗ್ರಿ ಅಕ್ಷಾಂಶದ ಉತ್ತರಕ್ಕೆ, ಅಂದರೆ ಟ್ರಾಂಡ್‌ಹೈಮ್, ಟ್ರಾಮ್ಸೋ ಕಡೆ, 44 ಸೆಂಟಿಮೀಟರ್. ಬರ್ಗನ್, ಸ್ಟಾವಾಂಗರ್ ಕಡೆ 40. ಹಾಲಿಬಟ್ ಮೀನು 84 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೂ 2 ಮೀಟರ್‌ಗಿಂತ ದೊಡ್ಡದಿದ್ದರೂ ಬಿಟ್ಟುಬಿಡಬೇಕು. ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಆದಷ್ಟು ನೀರಿನಲ್ಲೇ ಗಾಳ ಬಿಡಿಸಿ. ಓಸ್ಲೋದವರು ಗಮನಿಸಬೇಕು: ಸ್ವೀಡನ್ ಗಡಿಯಿಂದ ಟೆಲೆಮಾರ್ಕ್‌ವರೆಗಿನ ಕರಾವಳಿಯಲ್ಲಿ 2019ರಿಂದ ಕಾಡ್ ಹಿಡಿಯುವುದಕ್ಕೇ ನಿಷೇಧವಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ನಿರ್ದೇಶನಾಲಯದ ಫ್ರಿತಿಡ್ಸ್‌ಫಿಸ್ಕೆ ಎಂಬ ಮೊಬೈಲ್ ಆ್ಯಪ್ ತೆರೆದು ನಿಮ್ಮ ಜಾಗದ ನಿಯಮ ನೋಡಿಕೊಳ್ಳಿ, ಚೀಲದಲ್ಲಿ ಒಂದು ಅಳತೆ ಪಟ್ಟಿ ಇಟ್ಟುಕೊಳ್ಳಿ.