ಚೀನಿ ಭಾಷೆಯಲ್ಲಿ ಹಬ್ಬ ಮಾಡಲು ಹೋಗಿ

ಹಗಲು ಬೆಂಗಳೂರಿನಲ್ಲಿ ಕೆಲಸ, ಸಂಜೆ ಆನ್‌ಲೈನಿನಲ್ಲಿ ಚೀನಿ ಭಾಷೆಯ ಪಾಠ. ಹೀಗೆ ಎರಡು ವರ್ಷ ಕಳೆದ ಮೇಲೆ ಎಚ್‌ಎಸ್‌ಕೆಕೆ ಅನ್ನುವ ಮಾತಿನ ಪರೀಕ್ಷೆಗೆ ಕೂರುವ ಧೈರ್ಯ ಬಂತು. ಅದರ ಮಧ್ಯಮ ಹಂತದಲ್ಲಿ ಕೊನೆಗೆ ಎರಡು ಪ್ರಶ್ನೆ ಇರುತ್ತವೆ. ಒಂದೊಂದಕ್ಕೆ ಎರಡು ನಿಮಿಷ ಮಾತಾಡಬೇಕು. ಎರಡು ನಿಮಿಷ ಏನು ಮಹಾ ಅನ್ನಬೇಡಿ. ಬೇರೆ ಭಾಷೆಯಲ್ಲಿ ಮಾತಾಡುತ್ತಾ ಗಡಿಯಾರ ನೋಡಿದರೆ ಮುಳ್ಳು ಅಲ್ಲೇ ನಿಂತಿರುತ್ತದೆ.

ಹಬ್ಬದ ಬಗ್ಗೆ ಕೇಳಬಹುದು ಅಂತ ಒಂದು ಪ್ಯಾರಾ ಬಾಯಿಪಾಠ ಮಾಡಿಟ್ಟಿದ್ದೆ. "ವಸಂತ ಹಬ್ಬ, ಅಂದರೆ ಹೊಸ ವರ್ಷ, ಚೀನಾದ ಅತಿ ಮುಖ್ಯ ಸಾಂಪ್ರದಾಯಿಕ ಹಬ್ಬ. ಆ ದಿನ ಎಲ್ಲರೂ ಹೂರಣ ತುಂಬಿದ ಕಡುಬಿನಂಥ ಜಿಯಾವ್‌ಜ ತಿನ್ನುತ್ತಾರೆ, ಪಟಾಕಿ ಹೊಡೆಯುತ್ತಾರೆ, ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ದುಡ್ಡು ಕೊಡುತ್ತಾರೆ." ಶಾಲೆಯಲ್ಲಿ "ದೀಪಾವಳಿ ಬೆಳಕಿನ ಹಬ್ಬ, ಅಂದು ಎಲ್ಲರೂ ಹೊಸ ಬಟ್ಟೆ ತೊಡುತ್ತಾರೆ" ಅಂತ ಬರೆಯುತ್ತಿದ್ದೆವಲ್ಲ, ಅದೇ ಜಾತಿ. ಒಂದೇ ಉಸಿರಿಗೆ ಒಪ್ಪಿಸಿದೆ. ನಲವತ್ತೈದು ಸೆಕೆಂಡಿಗೆ ಮುಗಿಯಿತು.

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸರಿ, ಇದು ಯಾರ ಮನೆಯ ಹಬ್ಬ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಅವರು ಅವತ್ತೇ ತಿದ್ದಿದರು. ನಾವು ಹಬ್ಬ "ಮಾಡುತ್ತೇವೆ". ಹಾಗಾಗಿ ನಾನು ಚೀನಿಯಲ್ಲೂ ಹಬ್ಬ ಅನ್ನುವ ಜಿಯೇಗೆ "ಮಾಡು" ಅನ್ನುವ ಜುವೋ ಸೇರಿಸಿ "ಜುವೋ ಜಿಯೇ" ಅಂದಿದ್ದೆ. ಅಲ್ಲಿ ಹಬ್ಬ ಮಾಡುವುದಿಲ್ಲ, ದಾಟುತ್ತಾರೆ. "ಗುವೋ" ಅಂದರೆ ದಾಟು, ಕಳೆ. ರಸ್ತೆ ದಾಟುವುದಕ್ಕೂ ಅದೇ ಪದ, ಹುಟ್ಟುಹಬ್ಬಕ್ಕೂ ಅದೇ. ಹೊಸ ವರ್ಷ ಆಚರಿಸುವುದು "ಗುವೋ ನಿಯೆನ್", ಅಂದರೆ ವರ್ಷ ದಾಟುವುದು. ಪಠ್ಯಪುಸ್ತಕದಲ್ಲಿ ಇನ್ನೊಂದು ಗಂಭೀರ ಪದ ಇದೆ, "ಛಿಂಗ್‌ಜು" ಅಂತ. ನಮ್ಮ "ಆಚರಿಸು" ಇದ್ದ ಹಾಗೆ. ಮನೆಯಲ್ಲಿ ಯಾರಾದರೂ "ಬನ್ನಿ, ಚೌತಿ ಆಚರಿಸೋಣ" ಅನ್ನುತ್ತಾರಾ?

ಅವತ್ತಿನಿಂದ ಪ್ಯಾರಾ ಬಿಟ್ಟೆ. ಒಂದು ನೋಟ್‌ಬುಕ್ ತಂದು ಹಬ್ಬಕ್ಕೊಂದು ಪುಟ ಇಟ್ಟೆ. ಬರೆದದ್ದು ಬರೀ ಕ್ರಿಯಾಪದಗಳು. ಬಾಗಿಲಿಗೆ ಕೆಂಪು ಕಾಗದದ ಜೋಡಿ ಸಾಲುಗಳನ್ನು "ಥಿಯೇ", ಅಂಟಿಸುತ್ತಾರೆ. ಜಿಯಾವ್‌ಜ ಅನ್ನು "ಬಾವ್", ಅಂದರೆ ಸುತ್ತುತ್ತಾರೆ, ಮಡಚುತ್ತಾರೆ. ನಾವು ಪಟಾಕಿ ಹೊಡೆದರೆ ಅವರು "ಫಾಂಗ್", ಬಿಡುತ್ತಾರೆ. ಚಂದ್ರನನ್ನು ಸುಮ್ನೆ ನೋಡುವುದಿಲ್ಲ, "ಶಾಂಗ್", ನೋಡಿ ಸವಿಯುತ್ತಾರೆ. ಕ್ರಿಯಾಪದ ಸಿಕ್ಕಿದರೆ ವಸ್ತುವಿನ ಹೆಸರು ಅದರ ಬಾಲ ಹಿಡಿದುಕೊಂಡು ಬರುತ್ತದೆ. ಮೊದಲು ನಾಮಪದಗಳ ಪಟ್ಟಿ ಉರುಹೊಡೆದಿದ್ದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ಮರೆತೇ ಹೋಗಿತ್ತು.

ಆದರೆ ಟೀಚರ್ ಕೇಳಿದ್ದು ಮನೆಯ ಹಬ್ಬ. ಅದಕ್ಕೊಂದು ಮನೆ ಬೇಕಿತ್ತು. ಭಾಷೆ ವಿನಿಮಯ ಮಾಡಿಕೊಳ್ಳುವ ಒಂದು ಜಾಲತಾಣದಲ್ಲಿ ದಕ್ಷಿಣ ಚೀನಾದ ಗುವಾಂಗ್‌ಜೋವಿನ ಹುಡುಗಿಯೊಬ್ಬಳು ಪರಿಚಯವಾದಳು. ಅವಳಿಗೆ ಇಂಗ್ಲಿಷ್ ಅಭ್ಯಾಸ ಬೇಕಿತ್ತು, ನನಗೆ ಚೀನಿ. ಚೀನೀಯರ ಚಾಟ್ ಆ್ಯಪ್ ವೀಚಾಟ್ ನಮ್ಮಲ್ಲಿ 2020ರಲ್ಲೇ ಬಂದ್ ಆಗಿದೆ. ಹಾಗಾಗಿ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಈಮೇಲಿಗೆ ಅಂಟಿಸಿ ಕಳಿಸುತ್ತಿದ್ದೆವು. ಅದೇ ಒಳ್ಳೆಯದಾಯಿತು. ಒಂದೊಂದು ತುಣುಕನ್ನು ಹತ್ತು ಸಲ ಕೇಳಬಹುದಿತ್ತು.

ನನ್ನ ಮೊದಲ ಪ್ರಶ್ನೆ: "ಹಬ್ಬಕ್ಕೆ ಜಿಯಾವ್‌ಜ ತಿಂದೆಯಾ?"

ಅವಳು ನಕ್ಕಳು. ಜಿಯಾವ್‌ಜ ಉತ್ತರದವರದು, ನಮ್ಮಲ್ಲಿ ಕೋಳಿ ಇಲ್ಲದೆ ಹಬ್ಬದ ಊಟವೇ ಆಗುವುದಿಲ್ಲ ಅಂದಳು. ಪಟಾಕಿ? ಗುವಾಂಗ್‌ಜೋ ನಗರದಲ್ಲಿ 1992ರಿಂದಲೇ ನಿಷೇಧ, ಅವಳು ಮನೆ ಮುಂದೆ ಪಟಾಕಿ ಬಿಟ್ಟವಳೇ ಅಲ್ಲ. ಕೆಂಪು ಲಕೋಟೆಯಾದರೂ ಉಳಿಯಿತಲ್ಲ ಅಂದುಕೊಂಡೆ. ಉಳಿಯಿತು, ಆದರೆ ಅವರಲ್ಲಿ ಅದರ ಹೆಸರು "ಲೈ ಸೀ". ಮದುವೆಯಾದವರು ಮದುವೆಯಾಗದವರಿಗೆ ಕೊಡಬೇಕು, ಒಳಗೆ ಹೆಚ್ಚಾಗಿ ಐದೋ ಹತ್ತೋ ಯುವಾನ್. ಮಕ್ಕಳಿಗೆ ಮಾತ್ರ ಅಂತೇನಿಲ್ಲ. ನನ್ನ ಪ್ಯಾರಾದ ಮೂರೂ ಮಾತು ಅವಳ ಮನೆಯಲ್ಲಿ ನಿಲ್ಲಲಿಲ್ಲ. ಇನ್ನೂ ಮಜಾ ಏನೆಂದರೆ, ಅವರ ಕಡೆಯ ಮಾತಾದ ಕ್ಯಾಂಟನೀಸಿನಲ್ಲಿ ಹಬ್ಬವನ್ನು "ಮಾಡು" ಅಂತಲೇ ಹೇಳುವ ರೂಢಿ ಇದೆ. ನಾನು ಟೀಚರ್ ಹತ್ತಿರ ಬೈಸಿಕೊಂಡದ್ದು ಅಲ್ಲಿ ಸರಿ! (ಟೀಚರಿಗೆ ಇದನ್ನು ಹೇಳಲಿಲ್ಲ. ಮಾರ್ಕು ಅವರ ಕೈಯಲ್ಲಿತ್ತು.)

ಆಮೇಲೆ ನನ್ನ ಪ್ರಶ್ನೆ ಒಂದೇ ಆಯಿತು: "ನಿಮ್ಮನೆಯಲ್ಲಿ ಹೇಗೆ ದಾಟುತ್ತೀರಿ?" ಹಬ್ಬದ ಅರ್ಥ, ಇತಿಹಾಸ ಕೇಳಿದರೆ ಜನ ಪುಸ್ತಕದ ಮಾತು ಆಡುತ್ತಾರೆ. ಮನೆ ಕೇಳಿದರೆ ಅಜ್ಜಿ ಬರುತ್ತಾಳೆ, ಜಗಳ ಬರುತ್ತದೆ, ಸುಟ್ಟುಹೋದ ತಿಂಡಿ ಬರುತ್ತದೆ.

ನಾನು ಕೆಟ್ಟದಾಗಿ ಎಡವಿದ್ದು ಏಪ್ರಿಲ್‌ನಲ್ಲಿ. ಛಿಂಗ್‌ಮಿಂಗ್ ಹಬ್ಬ ಬಂತು. 2008ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ. ರಜೆ, ಹಬ್ಬ ಅಂದ ಮೇಲೆ ಶುಭಾಶಯ ಬೇಡವಾ? ಹೆಸರಿನ ಮುಂದೆ "ಖುವಾಯ್‌ಲ", ಅಂದರೆ ಸಂತೋಷ, ಸೇರಿಸಿ ಬೆಳಿಗ್ಗೆಯೇ ಕಳಿಸಿದೆ. ಸಂಜೆಯವರೆಗೆ ಉತ್ತರ ಇಲ್ಲ. ಅದು ಹಿರಿಯರ ಸಮಾಧಿಗೆ ಹೋಗಿ, ಗುಡಿಸಿ, ಕಳೆ ಕಿತ್ತು, ಎಡೆ ಇಡುವ ದಿನ. ನಾನು ಕಳಿಸಿದ್ದು "ಮಹಾಲಯ ಅಮಾವಾಸ್ಯೆಯ ಹಾರ್ದಿಕ ಶುಭಾಶಯಗಳು" ಅಂದ ಹಾಗೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಊರಿಗೆ ಹೋಗಿ ಬೆಟ್ಟಕ್ಕೆ ಪೂಜೆ ಮಾಡಿ ಬಂದೆವು" ಅಂತಷ್ಟೇ ಕಳಿಸಿದಳು. ಆ ಕಡೆ ಸಮಾಧಿಗೆ ಹೋಗುವುದನ್ನು ಬೆಟ್ಟದ ಪೂಜೆ ಅನ್ನುತ್ತಾರೆ. ಹಳೆಯ ಸಮಾಧಿಗಳು ಗುಡ್ಡದಲ್ಲಿ ಇರುತ್ತವಲ್ಲ, ಅದಕ್ಕೆ. ಅಂದಿನಿಂದ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ, ಇಲ್ಲಿ ಖುವಾಯ್‌ಲ ಅನ್ನಬಹುದೋ ಇಲ್ಲವೋ ಅಂತ. ದುವಾನ್‌ವು ಅನ್ನುವ ದೋಣಿ ಸ್ಪರ್ಧೆಯ ಹಬ್ಬದ ಪುಟದಲ್ಲಿ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ. ಅದಕ್ಕೂ ಸಂತೋಷ ಅನ್ನಬಾರದು, "ಆನ್‌ಖಾಂಗ್", ಆರೋಗ್ಯವಾಗಿರಿ, ಅನ್ನಬೇಕು ಅಂತ ಕೆಲವರು. ಅದೆಲ್ಲ ಈಚಿನ ಕಟ್ಟುಕತೆ ಅಂತ ಇನ್ನು ಕೆಲವರು. ನಾನು ಆನ್‌ಖಾಂಗ್ ಅನ್ನುತ್ತೇನೆ. ಆರೋಗ್ಯ ಬೇಡ ಅನ್ನುವವರು ಯಾರೂ ಇಲ್ಲ.

ತಾರೀಖಿನ ವಿಷಯದಲ್ಲಿ ಮಾತ್ರ ನಮಗೆ ಹುಟ್ಟಿನಿಂದಲೇ ಅನುಕೂಲ. ತರಗತಿಯಲ್ಲಿ ಜನವರಿ, ಫೆಬ್ರವರಿ ಮಾತ್ರ ಗೊತ್ತಿದ್ದ ಒಬ್ಬ ಹುಡುಗ ಪ್ರತಿ ವರ್ಷ ಹಬ್ಬ ಯಾಕೆ ಓಡಾಡುತ್ತದೆ ಅಂತ ತಲೆ ಕೆಡಿಸಿಕೊಂಡಿದ್ದ. ನಾನು ಉಡುಪಿ ಕಡೆಯವಳು, ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಬೆಳೆದವಳು. ಅವರ ತಿಂಗಳೂ ಅಮಾವಾಸ್ಯೆಗೆ ಬದಲಾಗುತ್ತದೆ, ಹದಿನೈದರ ಹೊತ್ತಿಗೆ ಹುಣ್ಣಿಮೆ. 2025ರಲ್ಲಿ ಅವರ ಹೊಸ ವರ್ಷ ಬಂದದ್ದು ಜನವರಿ 29ಕ್ಕೆ. ಅಂದು ನಮ್ಮ ಕ್ಯಾಲೆಂಡರಿನಲ್ಲೂ ಅಮಾವಾಸ್ಯೆ. ಅದೇ ವರ್ಷ ಅಕ್ಟೋಬರ್ 6ರಂದು ಅವರು ಚಂದ್ರನ ನೋಡುತ್ತಾ ಯುವೆಬಿಂಗ್ ಅನ್ನುವ ಚಂದ್ರನ ಹಬ್ಬದ ತಿಂಡಿ ತಿಂದರು, ನಮಗೆ ಸೀಗಿ ಹುಣ್ಣಿಮೆ. ಅಧಿಕ ಮಾಸ ಅವರಲ್ಲೂ ಇದೆ. ಛಿಂಗ್‌ಮಿಂಗ್ ಮಾತ್ರ ಸೂರ್ಯನ ಲೆಕ್ಕ, ಅದಕ್ಕೇ ಹೆಚ್ಚುಕಡಿಮೆ ಏಪ್ರಿಲ್ 4, 5ನ್ನು ಬಿಟ್ಟು ಅಲ್ಲಾಡುವುದಿಲ್ಲ. ನಮ್ಮ ಸಂಕ್ರಾಂತಿ, ಬಿಸು ಇದ್ದ ಹಾಗೆ.

ಪದಗಳ ಆಟವೂ ನಮಗೆ ಪೂರ್ತಿ ಹೊಸದಲ್ಲ. ಹಬ್ಬದ ಊಟಕ್ಕೆ ಮೀನು ಬೇಕು, ಯಾಕೆಂದರೆ "ಯು" ಅಂದರೆ ಮೀನು, ಅದೇ ದನಿಯ ಇನ್ನೊಂದು ಪದಕ್ಕೆ ಮಿಕ್ಕು ಉಳಿಯುವುದು ಅಂತ ಅರ್ಥ. "ಫು", ಅಂದರೆ ಭಾಗ್ಯ, ಅನ್ನುವ ಅಕ್ಷರವನ್ನು ಬಾಗಿಲ ಮೇಲೆ ತಲೆಕೆಳಗಾಗಿ ಅಂಟಿಸುತ್ತಾರೆ. "ಫು ದಾವ್ ಲ" ಅಂದರೆ ಫು ತಲೆಕೆಳಗಾಯಿತು, ಫು ಬಂತು ಅಂತಲೂ ಆಗುತ್ತದೆ. ಹಬ್ಬದ ದಿನ ತಟ್ಟೆ ಒಡೆದರೆ ಗಾಬರಿಯಾಗದೆ "ಸುಯ್ ಸುಯ್ ಪಿಂಗ್ ಆನ್" ಅನ್ನಬೇಕು. "ಸುಯ್" ಅಂದರೆ ಒಡೆ, ವರ್ಷ ಅಂತಲೂ ಹೌದು, ಹಾಗಾಗಿ ವರ್ಷ ವರ್ಷವೂ ಸುಖವಾಗಿರಲಿ ಅಂತ ಅರ್ಥ. ನಮ್ಮಲ್ಲಿ ಬಳೆ ಒಡೆದರೆ "ಹೆಚ್ಚಿತು" ಅನ್ನುವುದಿಲ್ವಾ? ಈ ಒಂದು ಹೋಲಿಕೆಯನ್ನು ಚೀನಿಯಲ್ಲಿ ವಿವರಿಸಲು ಹೊರಟರೆ ಎರಡು ನಿಮಿಷ ಸಾಲುವುದಿಲ್ಲ.

ಐದನೇ ತಿಂಗಳ ಐದನೇ ದಿನದ ದುವಾನ್‌ವು ನನಗೆ ಎಲ್ಲಕ್ಕಿಂತ ಇಷ್ಟ. ಛು ಯುವಾನ್ ಅನ್ನುವ ಕವಿ ನದಿಗೆ ಹಾರಿದ ಕತೆ, ದೋಣಿ ಸ್ಪರ್ಧೆ, ಇವು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ. ನನ್ನನ್ನು ಹಿಡಿದದ್ದು ಬಾಗಿಲಿಗೆ ತೂಗುಹಾಕುವ ಎಲೆ. ಅದರ ಹೆಸರು ಛಾಂಗ್‌ಪು. ಚಿತ್ರ ಹುಡುಕಿ ನೋಡಿದರೆ ನಮ್ಮ ಬಜೆ! ಮಾತು ಚೆನ್ನಾಗಿ ಬರಲಿ ಅಂತ ಮಗುವಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಅವರಿಗೆ ಅದು ಕತ್ತಿಯ ಆಕಾರದ ಎಲೆ, ರೋಗ ಓಡಿಸುತ್ತದೆ. ಸೆಕೆ ಏರಿ ಕಾಯಿಲೆ ಹರಡುವ ತಿಂಗಳದು. ನಮ್ಮ ಕಡೆ ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲೇ ಹಾಲೆ ಮರದ ತೊಗಟೆ ತಂದು ಕಹಿ ಕಷಾಯ ಕುಡಿಸುತ್ತಾರಲ್ಲ, ಅದೇ ಯೋಚನೆ. ತಿಂಡಿಯೂ ಹಾಗೇ. ಜೋಂಗ್‌ಜ ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ, ನಮ್ಮ ಕೊಟ್ಟೆ ಕಡುಬಿನ ನೆಂಟ. ಅವಳ ಮನೆಯಲ್ಲಿ ಒಳಗೆ ಹಂದಿಮಾಂಸ ಹಾಕುತ್ತಾರೆ, ಉತ್ತರದಲ್ಲಿ ಸಿಹಿ. ಯಾವುದು ಸರಿ ಅಂತ ಅಲ್ಲಿನವರು ವರ್ಷವರ್ಷವೂ ಕಿತ್ತಾಡುತ್ತಾರೆ.

ಪರೀಕ್ಷೆಯಲ್ಲಿ ಹಬ್ಬದ ಪ್ರಶ್ನೆ ಬರಲೇ ಇಲ್ಲ. ಪಾಸಾದೆ.

ದೀಪಾವಳಿ ಹತ್ತಿರ ಬಂದಾಗ ಅವಳು ನನ್ನ ಪ್ರಶ್ನೆಯನ್ನೇ ನನಗೆ ತಿರುಗಿಸಿದಳು: "ನಿಮ್ಮನೆಯಲ್ಲಿ ಹೇಗೆ ದಾಟುತ್ತೀರಿ?" ಹೆಸರು ಹೇಳುವುದು ಕಷ್ಟವಾಗಲಿಲ್ಲ. ಚೀನಿಯಲ್ಲಿ ದೀಪಾವಳಿಗೆ "ಪಾಯ್‌ದಂಗ್ ಜಿಯೇ", ದೀಪ ಸಾಲಿಡುವ ಹಬ್ಬ. ಸಿಂಗಪುರ, ಮಲೇಶ್ಯಾದ ಚೀನೀಯರು "ಥುಯಾವ್ ಜಿಯೇ", ರಾಕ್ಷಸನ ಕೊಂದ ಹಬ್ಬ ಅನ್ನುತ್ತಾರೆ. ನರಕ ಚತುರ್ದಶಿಗೆ ಅದೇ ಸರಿಹೊಂದುತ್ತದೆ ಅಂತ ನನ್ನ ಲೆಕ್ಕ. ಸಿಕ್ಕಿಬಿದ್ದದ್ದು ಎಣ್ಣೆ ಸ್ನಾನದಲ್ಲಿ. ಹಂಡೆಗೆ ನೀರು ತುಂಬುವುದು, ಹಂಡೆಗೆ ಹೂವು ಸುತ್ತುವುದು, ಬೆಳಗಿನ ಜಾವ ಅಮ್ಮ ತಲೆಗೆ ಎಣ್ಣೆ ತಟ್ಟುವುದು, ಇದಕ್ಕೆಲ್ಲ ಪದ ಎಲ್ಲಿಂದ ತರಲಿ? ಎಣ್ಣೆಗೆ "ಯೋವ್", ಸ್ನಾನಕ್ಕೆ "ಜಾವ್". ಎರಡನ್ನೂ ಜೋಡಿಸಿ ಹೇಳಿಬಿಟ್ಟೆ. "ಯೋವ್ ಜಾ" ಅಂದರೆ ಎಣ್ಣೆಯಲ್ಲಿ ಕರಿಯುವುದು. ಅವಳ ಕಿವಿಗೆ ಬಿದ್ದದ್ದು ಅದು. ಹಬ್ಬದ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಅಮ್ಮ ನಮ್ಮೆಲ್ಲರನ್ನೂ ಎಬ್ಬಿಸಿ ಕರಿಯುತ್ತಾರೆ!

ಬಿಡಿಸಿ ಹೇಳಲು ಮೂರು ತುಣುಕು ಕಳಿಸಬೇಕಾಯಿತು. ಕೊನೆಗೆ ಅವಳಿಂದ ಒಂದು ಸಾಲು ಬಂತು: "ನಾನು ನಿಮ್ಮನೆಗೆ ಬರುವಾಗ ಎಣ್ಣೆ ತಂದಿಡು, ಬಾಣಲೆ ಬೇಡ."