ಎಂಜಿನ್ ಸವೆತ: ಹಾರುವ ಮುಂಚೆ ನಾನು ನೋಡುವುದು

ತುಮಕೂರಿನ ಶಿರಾ ಗೇಟ್ ಕಡೆ ನಮ್ಮ ಮಾವನ ಲಾರಿ ಗ್ಯಾರೇಜಿದೆ. ಊರಿಗೆ ಹೋದಾಗಲೆಲ್ಲ ಅವರದ್ದು ಒಂದೇ ತಕರಾರು: "ಅಲ್ಲ ಕಣೋ, ಎಣ್ಣೆ ಜಿನುಗೋ ಎಂಜಿನ್ ನಂಬ್ಕೊಂಡು ಮೇಲೆ ಹೋಗ್ತೀಯಾ?" ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದ ಮೇಲಂತೂ ಗ್ಯಾರೇಜಿನ ಹುಡುಗರೂ ಇದನ್ನೇ ಕೇಳುತ್ತಾರೆ.

ನಾನು ಹಾರಿಸುವುದು ಸೆಸ್ನಾ 172ಎಸ್ ಎಂಬ ಒಂಟಿ ಎಂಜಿನ್‌ನ ಪುಟ್ಟ ವಿಮಾನ. ಅದರ ಲೈಕಮಿಂಗ್ ಎಂಜಿನ್ ತಣ್ಣಗಾಗುವುದು ಗಾಳಿಯಿಂದ, ಹಾಗಾಗಿ ಬಿಡಿಭಾಗಗಳ ನಡುವೆ ಸಂದು ತುಸು ಹೆಚ್ಚೇ ಬಿಟ್ಟಿರುತ್ತಾರೆ. ಸ್ವಲ್ಪ ಎಣ್ಣೆ ಕುಡಿಯುವುದು ಅದರ ಜಾಯಮಾನ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಹಿಂದಕ್ಕೆ ವಿಮಾನದ ಹೊಟ್ಟೆಗುಂಟ ತೆಳ್ಳಗೆ ಜಿಡ್ಡು ಹರಡಿದ್ದರೆ ಮಾಮೂಲು. ಸಿಲಿಂಡರ್ ಬುಡದಲ್ಲಿ ಹೊಸದಾಗಿ ಒಸರುತ್ತಿದ್ದರೆ ಅಲ್ಲ. ಅದಕ್ಕೇ ಸಂಜೆ ಇಳಿದ ಮೇಲೆ ಹೊಟ್ಟೆ ಒರೆಸಿಡುತ್ತೇನೆ. ಬೆಳಿಗ್ಗೆ ಕಂಡದ್ದು ಹೊಸದೋ ಹಳೆಯದೋ ಎಂಬ ಜಗಳವೇ ಇರುವುದಿಲ್ಲ.

ಈ ಎಂಜಿನ್ ಹಿಡಿಯುವುದು 8 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್) ಎಣ್ಣೆ, 5ಕ್ಕಿಂತ ಕಡಿಮೆಯಿದ್ದರೆ ಹಾರುವಂತಿಲ್ಲ. ಆದರೆ ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಹೇಳುವುದು ಇವತ್ತಿನ ಮಟ್ಟ ಮಾತ್ರ. ಎಷ್ಟು ಗಂಟೆಗೆ ಎಷ್ಟು ಸುರಿದೆ ಎಂದು ಬರೆದಿಟ್ಟುಕೊಂಡರೆ ಮಾತ್ರ ಸವೆತದ ಗತಿ ಗೊತ್ತಾಗುತ್ತದೆ. ಎಂಟು ಗಂಟೆಗೊಂದು ಕ್ವಾರ್ಟ್ ಕೇಳುತ್ತಿದ್ದದ್ದು ನಾಲ್ಕಕ್ಕೇ ಕೇಳಿದರೆ ಎಂಜಿನಿಯರನ್ನು ಕರೆಯುತ್ತೇನೆ. ಎಣ್ಣೆ ಕಪ್ಪಗಾಗಿದೆ ಎಂದು ಗಾಬರಿಯಿಲ್ಲ. ಲೋಹದ ಚೂರು ಮಿನುಗಿದರೆ ಮಾತ್ರ ಅವತ್ತು ಹಾರಾಟವಿಲ್ಲ.

ಚರ್ಚೆಯೇ ಇಲ್ಲದವು ಎರಡು. ನೀಲಿ ಕಲೆ ಅಂದರೆ ಪೆಟ್ರೋಲ್ ಸೋರಿಕೆ, ಏಕೆಂದರೆ ಇದಕ್ಕೆ ಹಾಕುವ ವಿಮಾನ ಪೆಟ್ರೋಲ್ 100ಎಲ್‌ಎಲ್‌ಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಇನ್ನೊಂದು, ಎಕ್ಸಾಸ್ಟ್ ಜೋಡಣೆಯಲ್ಲಿ ಬೂದುಬಿಳಿ ಪುಡಿಯ ಗೆರೆ. ಕ್ಯಾಬಿನ್ ಹೀಟರ್‌ಗೆ ಬಿಸಿ ಬರುವುದು ಮಫ್ಲರ್ ಸುತ್ತಿನ ಗಾಳಿಯಿಂದ. ಅಲ್ಲಿ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ನೇರ ನಮ್ಮ ಮೂಗಿಗೆ. ವಾಸನೆಯೂ ಇರದ ವಿಷ ಅದು.

ಕಣ್ಣಿಗೆ ಕಾಣದ್ದನ್ನು ಕೊನೆಗೆ ಮ್ಯಾಗ್ನೆಟೊ ಪರೀಕ್ಷೆ ಹೇಳುತ್ತದೆ. ಮ್ಯಾಗ್ನೆಟೊ ಅಂದರೆ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಕೊಡುವ ಸಾಧನ, ಎಂಜಿನ್‌ಗೆ ಎರಡಿರುತ್ತವೆ. 1800 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಿದಾಗ ಆರ್‌ಪಿಎಂ ಇಳಿಕೆ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಒಮ್ಮೆ ಎರಡೂ ಮಿತಿಯೊಳಗೇ ಇದ್ದವು. ಆದರೆ ಯಾವಾಗಲೂ 70ರ ಆಸುಪಾಸು ಇಳಿಯುತ್ತಿದ್ದದ್ದು ಆವತ್ತು ಒಂದು ಕಡೆ 115ಕ್ಕೆ ಹೋಯಿತು. ಪುಸ್ತಕದ ಪ್ರಕಾರ ಹಾರಬಹುದಿತ್ತು. ನಾನು ವಾಪಸ್ ತಂದು ನಿಲ್ಲಿಸಿದೆ. ಎಂಜಿನಿಯರ್ ಕೆಳಗಿನ ಪ್ಲಗ್ ಬಿಚ್ಚಿದರೆ ಅದರ ತುದಿಯಲ್ಲಿ, ಪೆಟ್ರೋಲಿನಲ್ಲಿರುವ ಸೀಸದ ಪುಟ್ಟ ಗುಂಡು ಅಂಟಿತ್ತು. ಶುಚಿ ಮಾಡಿ ಹಾಕಿದ ಮೇಲೆ ಇಳಿಕೆ ಮತ್ತೆ 70ಕ್ಕೆ ಬಂತು.